ಮೀನಿನ ರಜೆ

ಕೆಳಗೆ ಹಂಪನಕಟ್ಟೆಯಲ್ಲಿ ಕಂಡಕ್ಟರ ಕೂಗು
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್.
ಮೇಲೆ ವಾರ್ಡಿನಲ್ಲಿ ನಾವು ನಾಲ್ವರು
ಹೊಲಿಗೆ ಎಳೆಯದ ಹಾಗೆ ಮೆಲ್ಲ ಮಗ್ಗುಲಾಗಿ
ಒಬ್ಬರನ್ನೊಬ್ಬರು ಕೇಳುತ್ತೇವೆ:
ನಿಮಗೆ ಎಷ್ಟುಂಟು?
ಬಂಗುಡೆಯ ಕ್ರಯ ಕೇಳಿದ ಹಾಗೆ.

ನನಗೆ ಇಪ್ಪತ್ತಾರು ವಾರ.
ಗೋಡಂಬಿ ಫ್ಯಾಕ್ಟರಿಯ ಹಾಜರಿ ಪುಸ್ತಕ ಬರೆಯುವವಳು ನಾನೇ;
ನನ್ನ ಹೆಸರಿನ ಮುಂದೆ ಆರು ತಿಂಗಳ ಗೆರೆಯನ್ನು
ನಾನೇ ಸ್ಕೇಲಿಟ್ಟು ಎಳೆದು ಬಂದಿದ್ದೇನೆ.

ವಯೊಲೆಟ್ ಟೀಚರಿಗೂ ಅಷ್ಟೇ. ಮಂಜೂರಾಗಿ ಬರಬೇಕು,
ಫೈಲು ಕಚೇರಿಯಲ್ಲಿ ಇನ್ನೂ ಬಸುರಿ.
ಅವರ ಗಂಡ ಬ್ಯಾಂಕಿನವರು, ಹದಿನೈದು ದಿನ,
ಉಳಿದದ್ದು ಹತ್ತು ಎಂದು ಮಡಚಿ ತೋರಿಸುತ್ತಾರೆ
ನೋಟೆಣಿಸುವ ಬೆರಳಲ್ಲೇ.

ರುಕಿಯಾ ಬೀಡಿ ಕಟ್ಟುವವಳು.
ರಜೆಯೆಂದರೆ ಎಂತ? ಎಲೆ ನೆನೆಹಾಕದ ದಿನ, ಎಂದಳು.
ಗಂಡ ಜುಬೈಲಿನಲ್ಲಿ.
ಅವರಿಗೆ ಕೊಡಲಿಲ್ಲವಾ ಎಂದು ಟೀಚರು ಕೇಳಿದರೆ
ಕೊಟ್ಟಿದ್ದರಲ್ಲ,
ಅದು ಮುಗಿದೇ ಒಂಬತ್ತು ತಿಂಗಳಾಯಿತು.
ನಕ್ಕೆವು. ಹೊಟ್ಟೆ ಹಿಡಿದುಕೊಂಡು, ನಿಜಕ್ಕೂ ಹಿಡಿದುಕೊಂಡು.
ಡ್ರಿಪ್ಪು ಬದಲಿಸಲು ಬಂದ ಪ್ರಫುಲ್ಲಾ ಸಿಸ್ಟರೂ ನಕ್ಕರು,
ಏಳು ತಿಂಗಳ ಗರ್ಭಿಣಿ, ಗುತ್ತಿಗೆಯ ಸಿಸ್ಟರು;
ಕರಾರು ಮುಗಿಯುವುದು ಆಗಸ್ಟಿಗೆ,
ದಿನ ತುಂಬುವುದೂ ಆಗಸ್ಟಿಗೇ.

ನನ್ನ ಹರಿಣಾಕ್ಷನಿಗೆ ಮೂರು ದಿನ.
ಕಂಕನಾಡಿಯಲ್ಲಿ ಫ್ರಿಡ್ಜು ಮಾರುವ ಅಂಗಡಿ.
ಮೂರರಲ್ಲಿ ಒಂದು ಭಾನುವಾರ.
ಜನನ ಪತ್ರ ಕೊಟ್ಟರೆ ಮಾತ್ರ ಸಂಬಳ;
ಪತ್ರಕ್ಕೆ ಇನ್ನೂ ಹತ್ತು ದಿನ ಬೇಕು.
ಮಗು ಹುಟ್ಟಿದ್ದು ಮಗುವಿಗೆ ಗೊತ್ತು, ನನಗೆ ಗೊತ್ತು,
ಮ್ಯಾನೇಜರಿಗೆ ಗೊತ್ತಾಗಬೇಕಷ್ಟೆ.
ಅಮೆಯ ಹದಿನಾರು ದಿನ ಮನೆಯ ಗಂಡಸು
ದೈವದ ಚಾವಡಿ ಮೆಟ್ಟುವ ಹಾಗಿಲ್ಲ, ಅಜ್ಜಿ ಹೇಳುತ್ತಾರೆ.
ದೈವ ಹದಿನಾರು ದಿನ ಕಾಯುತ್ತದೆ,
ಅಂಗಡಿ ನಾಲ್ಕನೆಯದು ಕಾಯುವುದಿಲ್ಲ.

ಕಿಟಕಿ ಬದಿಯ ಸುಗಂಧಿ ಅಷ್ಟರವರೆಗೆ ಮಾತಾಡಿರಲಿಲ್ಲ.
ಗಂಡ ತಾರಾನಾಥ, ಬೆಂಗ್ರೆಯವನು, ಟ್ರಾಲ್ ಬೋಟಿನ ಖಲಾಸಿ.
ಅವನಿಗೆಷ್ಟು?
ಅರುವತ್ತೊಂದು, ಎಂದಳು.

ವಾರ್ಡೇ ಒಮ್ಮೆ ಸುಮ್ಮನಾಯಿತು.

ಜೂನ್ ಒಂದರಿಂದ ಜುಲೈ ಕೊನೆವರೆಗೆ
ಬೋಟು ಕಡಲಿಗಿಳಿಸುವ ಹಾಗಿಲ್ಲ;
ಮೀನು ಮೊಟ್ಟೆಯಿಡುವ ಸಮಯ, ಸರಕಾರದ ಕಾನೂನು.
ನಮ್ಮದು ಎರಡನೇ ತಾರೀಕಿಗೆ ಹುಟ್ಟಿತು.
ಸಂಬಳ? ಟೀಚರು ಕೇಳಿಯೇ ಬಿಟ್ಟರು.
ಮೀನಿಲ್ಲದೆ ಪಾಲು ಎಲ್ಲಿಂದ ಟೀಚರೇ?
ಬೋಟಿನ ಸಾಹುಕಾರರಿಂದ ಮುಂಗಡ ತಂದಿದ್ದಾರೆ,
ಆಗಸ್ಟಿನಿಂದ ಕಡಲಲ್ಲಿ ತೀರಿಸಬೇಕು.

ನಾಲ್ಕು ಗಂಟೆಗೆ ಬಾಗಿಲು ತೆರೆದರೆ ಗಂಡಸರ ಸಾಲು.
ಹರಿಣಾಕ್ಷ ಮಗುವನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ
ಗ್ಯಾರಂಟಿ ಕಾರ್ಡು ಹುಡುಕುವವನ ಹಾಗೆ.
ತಾರಾನಾಥ ಒಗೆದ ಬಟ್ಟೆ ಕೊಡವಿ ಮಡಚಿಟ್ಟು
ರೋಪು ಎಳೆದೆಳೆದು ಕಲ್ಲಾದ ಅಂಗೈಯನ್ನು
ಆ ಪುಟ್ಟ ಕತ್ತಿನಡಿಗೆ ಜಾರಿಸುತ್ತಾನೆ, ಎಚ್ಚರವಾಗದ ಹಾಗೆ.
ಐದು ದಿನದಲ್ಲಿ ಅವನಿಗೆ
ಹಸಿವಿನ ಅಳು ಬೇರೆ, ಹೊಟ್ಟೆನೋವಿನದು ಬೇರೆ.
ಹರಿಣಾಕ್ಷ ಅವನ ಹತ್ತಿರ ಹೋಗಿ ಮೆಲ್ಲಗೆ:
ಇದು ಯಾವುದು, ಸ್ವಲ್ಪ ಕೇಳಿ ಹೇಳಿ ಮಾರಾಯ್ರೆ.

ರಾತ್ರಿ ನಿದ್ದೆ ಬರುವುದಿಲ್ಲ.
ಕಡಲಡಿಯಲ್ಲಿ ಎಲ್ಲೋ ಒಂದು ಬಂಗುಡೆ
ತನ್ನಷ್ಟಕ್ಕೆ ಮೊಟ್ಟೆ ಬಿಡುತ್ತಿರಬಹುದು;
ಅದರ ಪುಣ್ಯದಲ್ಲಿ ಒಂದು ಮಗುವಿಗೆ ಎರಡು ತಿಂಗಳ ಅಪ್ಪ.

ಬಾಯ್ಲರಿನ ಐತಪ್ಪ ನೆನಪಾಗುತ್ತಾನೆ.
ನಾಲ್ಕು ವರ್ಷದ ಹಿಂದೆ ನನ್ನ ಮೇಜಿನೆದುರು ನಿಂತು
ಹೆಂಡತಿ ಹೆತ್ತಿದ್ದಾಳೆ ಅಕ್ಕ, ಎಂದಿದ್ದ.
ಕಾಲಂ ಇಲ್ಲವಲ್ಲ ಐತಪ್ಪ, ಎಂದು
ಕೆಂಪು ಶಾಯಿಯಲ್ಲಿ ಬರೆದಿದ್ದೆ:
ಗೈರು, ಗೈರು, ಗೈರು, ಗೈರು.
ಅಕ್ಷರ ಚಂದ ಬಂದಿತ್ತು.
ಗಂಡೋ ಹೆಣ್ಣೋ
ಕೇಳಿದ ನೆನಪಿಲ್ಲ.